ಕಯಾಕ್‌ನಲ್ಲಿ ಕೂತು ಬಾಸ್ ಮೀನು ಹಿಡಿಯುವುದು: ಗಾಳದ ರಾಡ್ ಕೊಳ್ಳುವ ಮೊದಲು ದೋಣಿ ನಿಲ್ಲಿಸಲು ಕಲಿಯಿರಿ

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಡಲ್ಲಾಸ್ ಸುತ್ತಮುತ್ತಲಿನ ಕನ್ನಡದ ಗೆಳೆಯರಿಂದ ನನಗೆ ಒಂದೇ ಬಗೆಯ ಫೋನ್ ಬರುತ್ತದೆ. "ಕಯಾಕ್ ತಗೊಂಡೆ, ಮೂರು ರಾಡ್ ತಗೊಂಡೆ, ನಾಲ್ಕು ಶನಿವಾರ ಹೋಗಿ ಬಂದೆ. ಒಂದು ಬಾಸ್ ಕೂಡ ಸಿಕ್ಕಿಲ್ಲ. ಯಾವ ಲೂರ್ ತಗೋಬೇಕು ಹೇಳಿ ಸಾರ್." ಲೂರ್ ಎಂದರೆ ಮೀನನ್ನು ಮೋಸಗೊಳಿಸುವ ನಕಲಿ ಎರೆ. ಅದರ ಹೆಸರು ಹೇಳುವ ಮೊದಲು ನಾನು ಕೇಳುವುದು ಇಷ್ಟೇ: ಗಾಳಿ ಬೀಸಿದಾಗ ನಿಮ್ಮ ದೋಣಿ ನಿಂತಲ್ಲೇ ನಿಲ್ಲುತ್ತದೆಯೇ? ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಅಂಗಡಿ ಹೊಕ್ಕವರ ಕೈ ಮೊದಲು ರಾಡ್‌ಗೆ, ಆಮೇಲೆ ಬಣ್ಣಬಣ್ಣದ ಲೂರ್‌ಗಳಿಗೆ ಹೋಗುತ್ತದೆ. ಲೈಫ್ ಜಾಕೆಟ್ ಮತ್ತು ಲಂಗರಿನ ಸರದಿ ಬರುವಷ್ಟರಲ್ಲಿ ಜೇಬು ಖಾಲಿ. ಕೊಳ್ಳುವ ಕ್ರಮ ಇದರ ತಿರುವುಮುರುವಾಗಿರಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ, ದಯವಿಟ್ಟು ಹಾರಿಸಿ ಓದಬೇಡಿ. ಉದಾಹರಣೆಗಳೆಲ್ಲ ನಾನು ದೋಣಿ ಇಳಿಸುವ ಉತ್ತರ ಟೆಕ್ಸಾಸ್‌ನವು, ಮೀನು ಲಾರ್ಜ್‌ಮೌತ್ ಬಾಸ್.

ಹಂತ 1: ಪರವಾನಗಿ ಮತ್ತು ಅಳತೆಯ ನಿಯಮ

ಟೆಕ್ಸಾಸ್‌ನಲ್ಲಿ 17 ವರ್ಷ ತುಂಬಿದವರಿಗೆ ಮೀನು ಹಿಡಿಯಲು ಪರವಾನಗಿ ಬೇಕು. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ತಾಣದಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ. ವಾರ್ಷಿಕ ಪರವಾನಗಿ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜುಲೈನಲ್ಲಿ ಕೊಂಡು "ಒಂದು ವರ್ಷ ಇದೆಯಲ್ಲ" ಎಂದುಕೊಂಡು ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದವರಿದ್ದಾರೆ.

ಇನ್ನೊಂದು ಗೊಂದಲ ನಮ್ಮವರಲ್ಲಿ ಹೆಚ್ಚು. ಸ್ಟೇಟ್ ಪಾರ್ಕಿನ ದಡದಲ್ಲಿ ನಿಂತು ಗಾಳ ಹಾಕಲು ಪರವಾನಗಿ ಬೇಡ, ನಿಜ. ಕಯಾಕ್ ಹತ್ತಿ ಕೆರೆಯೊಳಕ್ಕೆ ಹೋದಿರೋ, ಆ ರಿಯಾಯಿತಿಯನ್ನು ನಂಬಿ ಕೂರಬೇಡಿ.

ರಾಜ್ಯದ ಸಾಮಾನ್ಯ ನಿಯಮದಂತೆ 14 ಇಂಚಿಗಿಂತ ಚಿಕ್ಕ ಲಾರ್ಜ್‌ಮೌತ್ ಇಟ್ಟುಕೊಳ್ಳುವ ಹಾಗಿಲ್ಲ, ದಿನಕ್ಕೆ ಐದೇ ಬಾಸ್. ಕೆಲವು ಕೆರೆಗಳಿಗೆ ತಮ್ಮದೇ ನಿಯಮವಿದೆ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಮೀನನ್ನು ನೀರಿಗೆ ಬಿಡಲೇಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಹೋಗುವ ಕೆರೆಯ ಹೆಸರು ಹಾಕಿ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ದೋಣಿಗೆ ಬ್ಯಾಟರಿಯ ಟ್ರೋಲಿಂಗ್ ಮೋಟಾರ್ ಕಟ್ಟಿದರೆ ನೋಂದಣಿಯೂ ಬೇಕಾಗುತ್ತದೆ. ಹುಟ್ಟು ಅಥವಾ ಪೆಡಲ್ ಆದರೆ ಬೇಡ.

ಹಂತ 2: ದೋಣಿ ಆರಿಸುವುದು

ಕಯಾಕ್‌ನಲ್ಲಿ ಎರಡು ಜಾತಿ. ಒಳಗೆ ಕಾಲು ತೂರಿಸಿ ಕೂರುವುದು ಒಂದು, ಮೇಲೆ ಕೂರುವುದು ಇನ್ನೊಂದು. ಬಾಸ್‌ಗೆ ಮೇಲೆ ಕೂರುವ ಸಿಟ್-ಆನ್-ಟಾಪ್ ದೋಣಿಯನ್ನೇ ಕೊಳ್ಳಿ. ಮೇಲೆ ಬಿದ್ದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು. ಒಳಗೆ ಕೂರುವ ದೋಣಿ ನಡುನೀರಿನಲ್ಲಿ ತುಂಬಿಕೊಂಡರೆ ಅದನ್ನು ಖಾಲಿ ಮಾಡುವುದು ಒಬ್ಬರ ಕೈಲಾಗುವ ಕೆಲಸವಲ್ಲ.

ಉದ್ದ 10ರಿಂದ 12 ಅಡಿ, ಅಗಲ 32ರಿಂದ 36 ಇಂಚು ಇರಲಿ. ಅಗಲ ಹೆಚ್ಚಾದಷ್ಟೂ ಅಲುಗಾಟ ಕಡಿಮೆ, ಆದರೆ ಹುಟ್ಟು ಹಾಕುವ ಶ್ರಮ ಹೆಚ್ಚು. 36 ಇಂಚು ದಾಟಿದರೆ ಅದು ಹುಟ್ಟಿನ ದೋಣಿಯಲ್ಲ, ಪೆಡಲ್ ಬೇಕು.

ಎಲ್ಲರೂ ಎಡವುವುದು ಭಾರ ಹೊರುವ ಅಂಕಿಯಲ್ಲಿ. ದೋಣಿಯ ಮೇಲೆ 400 ಪೌಂಡ್ ಎಂದು ಬರೆದಿದ್ದರೆ 400 ಪೌಂಡ್ ಹೇರಬಹುದು ಎಂದಲ್ಲ. ಅಷ್ಟು ಹೇರಿದರೆ ತಳದ ತೂತುಗಳಿಂದ ನೀರು ಮೇಲಕ್ಕೇ ಬರುತ್ತದೆ. ಬರೆದ ಅಂಕಿಯ ಶೇಕಡಾ 70ರೊಳಗೆ ನಿಲ್ಲಿಸಿ. ಲೆಕ್ಕ ಹೀಗೆ: ನೀವು 180 ಪೌಂಡ್, ಬಟ್ಟೆ ಮತ್ತು ಜಾಕೆಟ್ 10, ರಾಡ್ ಮತ್ತು ಡಬ್ಬಿಗಳು 30, ಬ್ಯಾಟರಿ 25, ನೀರು, ಬುತ್ತಿ, ಐಸ್ ಸೇರಿ 25. ಒಟ್ಟು 270. 400ರ ಶೇಕಡಾ 70 ಎಂದರೆ 280. ಅಂದರೆ ಬಳಸಬಹುದಾದ ಭಾರ ಆಗಲೇ ಬಹುತೇಕ ಮುಗಿಯಿತು.

ಪೆಡಲ್ ಬೇಕೇ? ಹಣವಿದ್ದರೆ ಬೇಕು. ಕೈ ಎರಡೂ ಖಾಲಿ ಇರುತ್ತವೆ, ಗಾಳಿಗೆ ಎದುರಾಗಿ ನಿಲ್ಲುವುದು ಸುಲಭ. ಆದರೆ ಪೆಡಲ್ ದೋಣಿ 90-100 ಪೌಂಡ್ ತೂಗುತ್ತದೆ. ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿರುವವರು, ಸೆಡಾನ್ ಕಾರಿನ ನೆತ್ತಿಯ ಮೇಲೆ ಒಬ್ಬರೇ ಎತ್ತಿ ಇಡಬೇಕಾದವರು ಮೊದಲು ತಮ್ಮ ಸೊಂಟವನ್ನು ಕೇಳಲಿ. ನನ್ನ ಸಲಹೆ ಕೇಳುವುದಾದರೆ, ಮೊದಲ ವರ್ಷ 65 ಪೌಂಡಿನ ಹುಟ್ಟಿನ ದೋಣಿ ಸಾಕು. ವಾರಕ್ಕೊಮ್ಮೆ ನೀರಿಗಿಳಿಯುವ ಹಗುರ ದೋಣಿ ಗ್ಯಾರೇಜಿನಲ್ಲಿ ಧೂಳು ಹಿಡಿಯುವ ದುಬಾರಿ ದೋಣಿಗಿಂತ ಹೆಚ್ಚು ಮೀನು ಹಿಡಿಯುತ್ತದೆ.

ಹಳೆಯದನ್ನು ಕೊಳ್ಳುವವರು ತಳದ ತೂತುಗಳ ಸುತ್ತ ಬೆರಳಾಡಿಸಿ ಬಿರುಕು ಹುಡುಕಿ. ಹಿಂಭಾಗದ ಕೆಳ ಅಂಚು ಸಿಮೆಂಟಿನ ಮೇಲೆ ಎಳೆದೆಳೆದು ತೆಳುವಾಗಿದೆಯೇ ನೋಡಿ. ಮುಚ್ಚಳ ತೆಗೆದು ಟಾರ್ಚ್ ಬಿಡಿ. ಒಳಗೆ ಕೆಸರಿನ ಗೆರೆ ಇದ್ದರೆ ನೀರು ನುಗ್ಗಿದ ಗುರುತು, ಬಿಟ್ಟುಬಿಡಿ.

ಹುಟ್ಟಿನ ಉದ್ದದಲ್ಲಿ ಜಿಪುಣತನ ಬೇಡ. ದೋಣಿಯ ಜೊತೆ ಬಿಟ್ಟಿಯಾಗಿ ಕೊಡುವ ಹುಟ್ಟು ಹೆಚ್ಚಾಗಿ ಗಿಡ್ಡ. 34 ಇಂಚು ಅಗಲದ, ಎತ್ತರದ ಕುರ್ಚಿಯ ದೋಣಿಗೆ 250-260 ಸೆಂಟಿಮೀಟರ್ ಬೇಕು. ಬೆರಳಿನ ಗೆಣ್ಣು ದೋಣಿಯ ಅಂಚಿಗೆ ಬಡಿಯುತ್ತಿದ್ದರೆ, ಪ್ರತಿ ಸಲವೂ ತೊಡೆಯ ಮೇಲೆ ನೀರು ಸುರಿಯುತ್ತಿದ್ದರೆ ನಿಮ್ಮ ಹುಟ್ಟು ಗಿಡ್ಡ ಎಂದೇ ಅರ್ಥ.

ಹಂತ 3: ಜಾಕೆಟ್ ತೊಟ್ಟು ಬೇಕೆಂದೇ ಬೀಳುವುದು

ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಕಾನೂನಿಗೆ ಸಾಕು (13 ವರ್ಷದೊಳಗಿನ ಮಕ್ಕಳು ತೊಟ್ಟಿರಲೇಬೇಕು). ಕೆರೆಗೆ ಅದು ಸಾಲದು. ಈಜು ಬರಲಿ ಬಾರದಿರಲಿ, ದಡದಲ್ಲೇ ತೊಟ್ಟು ದಡಕ್ಕೆ ಬಂದ ಮೇಲೇ ಬಿಚ್ಚಿ. ಬೆನ್ನಿನ ಫೋಮ್ ಮೇಲ್ಭಾಗದಲ್ಲಷ್ಟೇ ಇರುವ ಜಾಕೆಟ್ ಆರಿಸಿ. ಮಾಮೂಲಿ ಜಾಕೆಟ್ ಕುರ್ಚಿಯ ಬೆನ್ನಿಗೆ ಒತ್ತಿ ಕುತ್ತಿಗೆಯನ್ನು ಮುಂದಕ್ಕೆ ತಳ್ಳುತ್ತದೆ, ಅರ್ಧ ಗಂಟೆಯಲ್ಲಿ ನೀವು ಅದನ್ನು ಬಿಚ್ಚಿ ಹಿಂದಕ್ಕೆ ಎಸೆಯುತ್ತೀರಿ. ಪಟ್ಟಿಗಳನ್ನು ಬಿಗಿದ ಮೇಲೆ ಯಾರಿಂದಲಾದರೂ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಮೂಗಿನವರೆಗೆ ಬಂದರೆ ಸಡಿಲ ಎಂದರ್ಥ. ಜಾಕೆಟ್ಟಿಗೇ ಒಂದು ಸೀಟಿ ಕಟ್ಟಿ. ಕತ್ತಲಿರುವಾಗ ಹೊರಡುವುದಾದರೆ ಬಿಳಿ ದೀಪವೂ ಬೇಕು.

ಬಟ್ಟೆ ಹಾಕುವಾಗ ಗಾಳಿಯ ಉಷ್ಣಾಂಶ ನೋಡಬೇಡಿ, ನೀರಿನದ್ದು ನೋಡಿ. ಫೆಬ್ರವರಿಯ ಕೊನೆಯಲ್ಲಿ ಹೊರಗೆ 75 ಡಿಗ್ರಿ ಫ್ಯಾರನ್‌ಹೀಟ್ ಹಿತವಾಗಿರುತ್ತದೆ, ನೀರು 52 ಇರುತ್ತದೆ. ಅಂಥ ನೀರಿಗೆ ಬಿದ್ದವರಿಗೆ 1-10-1 ಎಂಬ ಸ್ಥೂಲ ಲೆಕ್ಕ ಹೇಳುತ್ತಾರೆ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಚಳಿಗೆ ಪ್ರಜ್ಞೆ ತಪ್ಪುವವರೆಗೆ ಒಂದು ಗಂಟೆ. ನೀರು 60 ಡಿಗ್ರಿಗಿಂತ ಕೆಳಗಿದ್ದರೆ ವೆಟ್‌ಸೂಟ್ ಅಥವಾ ಡ್ರೈಸೂಟ್ ಇಲ್ಲದೆ ಹೋಗಬೇಡಿ. ಹೊಸಬರಾದರೆ ಏಪ್ರಿಲ್‌ವರೆಗೆ ಕಾಯಿರಿ. ಜೀನ್ಸ್ ಯಾವ ಕಾಲಕ್ಕೂ ಬೇಡ.

ಇನ್ನು ಯಾರೂ ಮಾಡದ, ಎಲ್ಲರೂ ಮಾಡಲೇಬೇಕಾದ ಕೆಲಸ. ಬೇಸಿಗೆಯ ಒಂದು ಬೆಳಿಗ್ಗೆ ರಾಡ್‌ಗಳನ್ನು ಮನೆಯಲ್ಲೇ ಬಿಟ್ಟು, ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಬೀಳಿ. ಮರಳಿ ಹತ್ತುವ ಕ್ರಮ ಇದು:

1. ಮೊದಲು ದೋಣಿ ಹಿಡಿದುಕೊಳ್ಳಿ, ಹುಟ್ಟು ಆಮೇಲೆ. ಗಾಳಿಗೆ ಖಾಲಿ ದೋಣಿ ನೀವು ಈಜುವುದಕ್ಕಿಂತ ಬೇಗ ಹೋಗುತ್ತದೆ.
2. ಮಗುಚಿದ್ದರೆ ಆಚೆ ಅಂಚನ್ನು ಹಿಡಿದು ನಿಮ್ಮ ಕಡೆಗೆ ಎಳೆದು ತಿರುಗಿಸಿ.
3. ಕುರ್ಚಿಯ ನೇರಕ್ಕೆ ಬಂದು, ಕಾಲುಗಳನ್ನು ನೀರಿನ ಮಟ್ಟಕ್ಕೆ ತಂದು ಜೋರಾಗಿ ಬಡಿಯುತ್ತಾ, ಹೊಟ್ಟೆಯನ್ನು ದೋಣಿಯ ಮೇಲೆ ಅಡ್ಡಡ್ಡ ಎಳೆದುಕೊಳ್ಳಿ.
4. ಮಗ್ಗುಲಾಗಿ ಹೊರಳಿ ಕುಂಡಿಯನ್ನು ಕುರ್ಚಿಗೆ ತನ್ನಿ. ಕಾಲುಗಳು ಕೊನೆಗೆ.

ಮೂರನೆಯದರಲ್ಲಿ ಎಲ್ಲರೂ ಸೋಲುತ್ತಾರೆ. ಕಾಲು ದೋಣಿಯ ಕೆಳಗೆ ನೇತಾಡುತ್ತಿದ್ದರೆ ತೋಳಿನ ಬಲದಿಂದ ಹತ್ತಲು ಆಗುವುದೇ ಇಲ್ಲ. ಐದು ಸಲ ಸತತವಾಗಿ ಹತ್ತಲು ಬಂದ ಮೇಲೆ ಮುಂದಿನ ಹಂತ ಓದಿ.

ಹಂತ 4: ಗಾಳಿ ನೋಡಿ ಹೊರಡುವುದು

ಉತ್ತರ ಟೆಕ್ಸಾಸ್‌ನ ವಸಂತದಲ್ಲಿ ದಕ್ಷಿಣದ ಗಾಳಿ ಮಧ್ಯಾಹ್ನದ ಹೊತ್ತಿಗೆ ಬಲಿಯುತ್ತದೆ. ಗಂಟೆಗೆ 10 ಮೈಲಿಯವರೆಗೆ ಹೊಸಬರಿಗೆ ಸರಿ. 15 ದಾಟುವ ಮುನ್ಸೂಚನೆ ಇದ್ದರೆ ಆ ದಿನ ದೋಣಿ ಇಳಿಸಬೇಡಿ. ಲೂಯಿಸ್‌ವಿಲ್ ಅಥವಾ ರೇ ರಾಬರ್ಟ್ಸ್‌ನಂಥ ದೊಡ್ಡ ಕೆರೆಯ ನಡುವೆ ಹೋಗುವ ಚಪಲ ಮೊದಲ ವರ್ಷ ಬೇಡ. ಅಲ್ಲಿ ಸ್ಪೀಡ್‌ಬೋಟ್‌ಗಳ ಅಲೆಯೇ ಸಾಕು ನಿಮ್ಮನ್ನು ತಿರುಗಿಸಲು. ಅದೇ ಕೆರೆಯ ಒಂದು ಚಿಕ್ಕ ಕೋವ್ (ದಡ ಒಳಕ್ಕೆ ಬಾಗಿದ ಮೂಲೆ), ಅಥವಾ ದೋಣಿ ಇಳಿಸಲು ಬಿಡುವ ಊರಿನ ಪಾರ್ಕ್ ಕೆರೆ ಸಾಕು.

ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ಮನೆಗೆ ತಳ್ಳಲಿ. ಬೆಳಿಗ್ಗೆ ಗಾಳಿಯ ಜೊತೆ ಸಲೀಸಾಗಿ ಎರಡು ಮೈಲಿ ಹೋಗಿ, ಹನ್ನೊಂದು ಗಂಟೆಗೆ ತಿರುಗಿ ನೋಡಿ ಕಂಗಾಲಾಗುವುದು ಪ್ರತಿ ಹೊಸಬರ ಕತೆ, ನನ್ನದೂ ಸೇರಿ.

ಹಿಂದಿರುಗಬೇಕಾದ ಸೂಚನೆಗಳು: ಅಲೆಗಳ ನೆತ್ತಿಯಲ್ಲಿ ಬಿಳಿ ನೊರೆ, ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ, ದೂರದ ಗುಡುಗು. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮಗೆ ಎಟುಕುವ ದೂರದಲ್ಲಿದೆ. ನಿಮ್ಮ ಕೈಯಲ್ಲಿರುವ ಗ್ರಾಫೈಟ್ ರಾಡ್ ವಿದ್ಯುತ್ ಹರಿಸುತ್ತದೆ. "ಇನ್ನೊಂದೇ ಕ್ಯಾಸ್ಟ್" (ಗಾಳದ ಎಸೆತ) ಬೇಡ.

ಹಂತ 5: ದೋಣಿಯನ್ನು ನಿಲ್ಲಿಸುವುದು

ನಾಲ್ಕು ಶನಿವಾರ ಖಾಲಿ ಕೈಯಲ್ಲಿ ಬಂದ ಗೆಳೆಯರಿಗೆ ಬೇಕಾದ ಉತ್ತರ ಇಲ್ಲಿದೆ. ಬಾಸ್ ಹೊಂಚು ಹಾಕಿ ಕೂರುವ ಮೀನು. ನಮ್ಮೂರ ಕೆರೆಯ ಕೊರವ ಮೀನಿನ ಹಾಗೆ ಜೊಂಡಿನ ಅಂಚಿನಲ್ಲಿ, ಬಿದ್ದ ಮರದ ನೆರಳಿನಲ್ಲಿ ಇರುತ್ತದೆ, ಎರೆ ತನ್ನ ಬಾಯಿಯ ಹತ್ತಿರ ನಿಧಾನವಾಗಿ ಹಾಯಬೇಕು. ನೀವು ಲೂರ್ ಎಸೆದು ಅದು ತಳ ಮುಟ್ಟುವಷ್ಟರಲ್ಲಿ ಗಾಳಿ ದೋಣಿಯನ್ನು ಹದಿನೈದು ಅಡಿ ತಳ್ಳಿದರೆ ಲೂರ್ ತಳದಲ್ಲಿ ದರದರ ಎಳೆದಾಡುತ್ತದೆ. ದಾರ ಬಿಲ್ಲಿನ ಹಾಗೆ ಬಾಗಿರುತ್ತದೆ, ಮೀನು ಕಚ್ಚಿದ್ದೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ನೀವು ಬಣ್ಣ ಸರಿಯಿಲ್ಲವೆಂದು ಲೂರ್ ಬದಲಿಸುತ್ತಿರುತ್ತೀರಿ.

ಐದಾರು ಅಡಿಯೊಳಗಿನ ನೀರಿಗೆ ನೆಲಕ್ಕೆ ಚುಚ್ಚುವ ಫೈಬರ್ ಕೋಲು ಎಲ್ಲಕ್ಕಿಂತ ಒಳ್ಳೆಯದು. ಸದ್ದಿಲ್ಲ, ಹಗ್ಗದ ಗೋಜಲಿಲ್ಲ. ಅದಕ್ಕಿಂತ ಆಳಕ್ಕೆ ಮೂರು ಪೌಂಡಿನ ಮಡಚುವ ಲಂಗರು. ಹಗ್ಗ ಆಳದ ಮೂರರಿಂದ ಐದು ಪಟ್ಟು ಬಿಡಬೇಕು. ಹತ್ತಡಿ ನೀರಿಗೆ ಹತ್ತಡಿ ಹಗ್ಗ ಬಿಟ್ಟು ಲಂಗರು ಹಿಡಿಯುವುದಿಲ್ಲ ಎನ್ನುವವರೇ ಹೆಚ್ಚು.

ಹಗ್ಗವನ್ನು ಕುರ್ಚಿಯ ಪಕ್ಕ, ದೋಣಿಯ ನಡುವಿಗೆ ಎಂದೂ ಕಟ್ಟಬೇಡಿ. ಅಲೆ ಅಡ್ಡಕ್ಕೆ ಹೊಡೆದು ದೋಣಿ ಮಗುಚುತ್ತದೆ. ಮೂತಿಗೆ ಅಥವಾ ಬಾಲಕ್ಕೆ ಬರಬೇಕು. ಕೂತಲ್ಲಿಂದ ಅಲ್ಲಿಗೆ ಕೈ ಎಟುಕದು, ಅದಕ್ಕೇ ಆಂಕರ್ ಟ್ರಾಲಿ ಇರುವುದು: ದೋಣಿಯ ಒಂದು ಬದಿಯಲ್ಲಿ ಮೂತಿಯಿಂದ ಬಾಲದವರೆಗೆ ಎರಡು ಚಿಕ್ಕ ರಾಟೆಗಳ ಮೇಲೆ ಓಡುವ ಹಗ್ಗ, ಅದಕ್ಕೊಂದು ಬಳೆ. ಬಾವಿಯ ರಾಟೆ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಲಂಗರಿನ ಹಗ್ಗವನ್ನು ಬಳೆಯಲ್ಲಿ ತೂರಿಸಿ, ಬಳೆಯನ್ನು ಹಿಂದಕ್ಕೋ ಮುಂದಕ್ಕೋ ಎಳೆದುಕೊಳ್ಳಿ. ಹಗ್ಗದ ತುದಿಗೆ ತೇಲುವ ಬೆಂಡು ಕಟ್ಟಿ, ಕೈಗೆ ಸಿಗುವಂತೆ ಚಿಕ್ಕ ಚಾಕು ಇಡಿ. ದೊಡ್ಡ ಮೀನು ಸಿಕ್ಕಾಗ ಅಥವಾ ಮೋಟಾರ್ ದೋಣಿ ಮೈಮೇಲೆ ಬಂದಾಗ ಹಗ್ಗವನ್ನು ಬಿಟ್ಟುಬಿಟ್ಟು ಆಮೇಲೆ ಬಂದು ಬೆಂಡು ಹಿಡಿಯಬಹುದು. ಹರಿಯುವ ಹೊಳೆಯಲ್ಲಿ ಮಾತ್ರ ಲಂಗರೇ ಬೇಡ.

ನಿಲ್ಲದೆ ತೇಲುತ್ತಾ ಹೋಗಬೇಕೆನಿಸಿದರೆ ಡ್ರಿಫ್ಟ್ ಸಾಕ್ ಎಂಬ ಬಟ್ಟೆಯ ಚೀಲ ಸಿಗುತ್ತದೆ. ನೀರಿನಲ್ಲಿ ಅರಳಿ ದೋಣಿಯ ವೇಗ ತಗ್ಗಿಸುತ್ತದೆ.

ಹಂತ 6: ಎರಡೇ ರಾಡ್

ಇಬ್ಬರು ಕೂರುವ ಜಾಗದಲ್ಲಿ ಆರು ರಾಡ್ ಹೇರಿಕೊಂಡವರನ್ನು ನೋಡಿದ್ದೇನೆ. ಪ್ರತಿ ಕ್ಯಾಸ್ಟ್‌ಗೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಎರಡು ಸಾಕು.

ಮೊದಲನೆಯದು ಸ್ಪಿನ್ನಿಂಗ್ ರಾಡ್, ಅಂದರೆ ರೀಲ್ ಕೆಳಗೆ ನೇತಾಡುವಂಥದ್ದು: ಏಳಡಿ, ಮೀಡಿಯಂ (ಸಾಧಾರಣ ಬಲ), ಫಾಸ್ಟ್ (ತುದಿಯ ಕಡೆ ಮಾತ್ರ ಬಾಗುವುದು). 2500 ಗಾತ್ರದ ರೀಲ್, 10-15 ಪೌಂಡ್ ಎಳೆತ ತಾಳುವ ಹೆಣೆದ ದಾರ, ಅದರ ತುದಿಗೆ ಎಂಟು ಪೌಂಡಿನ ಫ್ಲೋರೋಕಾರ್ಬನ್ ದಾರ ಆರೇಳು ಅಡಿ. ಹೊಸಬರು ಇದೊಂದನ್ನೇ ಕೊಂಡರೂ ನಷ್ಟವಿಲ್ಲ.

ಎರಡನೆಯದು ಬೇಟ್‌ಕಾಸ್ಟಿಂಗ್, ಅಂದರೆ ರೀಲ್ ರಾಡಿನ ಮೇಲೆ ಕೂರುವಂಥದ್ದು: ಏಳಡಿ, ಮೀಡಿಯಂ-ಹೆವಿ, 7:1 ಸುತ್ತಿನ ರೀಲ್ (ರೀಲಿನ ಹಿಡಿ ಒಮ್ಮೆ ತಿರುಗಿಸಿದರೆ ಉರುಳೆ ಏಳು ಸುತ್ತು), 15 ಪೌಂಡಿನ ಫ್ಲೋರೋಕಾರ್ಬನ್ ಅಥವಾ 40 ಪೌಂಡಿನ ಹೆಣೆದ ದಾರ. ಜೊಂಡಿನೊಳಗಿಂದ ಮೀನನ್ನು ಎಳೆದು ತರಲು ಇದು. ಹಿಂದಿನ ಹಿಡಿ ಗಿಡ್ಡವಿರುವುದನ್ನೇ ಆರಿಸಿ. ಕೂತಾಗ ಉದ್ದ ಹಿಡಿ ಪ್ರತಿ ಸಲ ಜಾಕೆಟ್ಟಿಗೆ ತಗಲುತ್ತದೆ, ಅಂಗಡಿಯಲ್ಲಿ ನಿಂತು ನೋಡುವಾಗ ಇದು ತಿಳಿಯುವುದೇ ಇಲ್ಲ.

ಬೇಟ್‌ಕಾಸ್ಟರ್‌ನ ದಾರ ಗೋಜಲಾಗುವುದು ಕೂತು ಎಸೆಯುವಾಗ ಇನ್ನೂ ಹೆಚ್ಚು. ಹಿತ್ತಲಿನಲ್ಲಿ ಗಿಡ್ಡ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ಕೊಕ್ಕೆಯಿಲ್ಲದ ತೂಕ ಕಟ್ಟಿ, ಪಕ್ಕದಿಂದ ಬೀಸಿ ಬಕೆಟ್ಟಿಗೆ ಎಸೆಯಿರಿ. ಪಕ್ಕದ ಮನೆಯವರು ನಗುತ್ತಾರೆ, ನಗಲಿ. ಮೂರು ಸಂಜೆ ಮಾಡಿದರೆ ಕೆರೆಯ ಮೇಲೆ ಒಂದು ಬೆಳಗು ಉಳಿಯುತ್ತದೆ.

ರಾಡ್‌ಗಳನ್ನು ದೋಣಿಗೆ ಗುಂಗುರು ಬಳ್ಳಿಯಿಂದ (ಸುರುಳಿಯಾಗಿ ಹಿಗ್ಗುವ ಹಗ್ಗ) ಕಟ್ಟಿ. ಕೊಂಡು ಎರಡೇ ದಿನವಾಗಿದ್ದ ನನ್ನ ರಾಡೊಂದು ಇಳಿಸುವ ಜಾಗದಲ್ಲೇ, ನಾನು ಕುರ್ಚಿ ಸರಿಮಾಡಿಕೊಳ್ಳುತ್ತಿದ್ದಾಗ, ಮೊಣಕೈ ತಗಲಿ ಜಾರಿಹೋಯಿತು. ಹೊಳೆಯಲ್ಲಿ ಮಾತ್ರ ಬಳ್ಳಿ ಬೇಡ, ಬಿದ್ದಾಗ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹಂತ 7: ಮೂರು ಲೂರ್, ಒಂದು ಗಂಟು

ಅಂಗೈಯಗಲದ ಒಂದೇ ಡಬ್ಬಿ. ಅದರಲ್ಲಿ ನಾಲ್ಕೈದು ಇಂಚಿನ ರಬ್ಬರ್ ಹುಳು, ಒಂದು 3/8 ಔನ್ಸ್ ಸ್ಪಿನ್ನರ್‌ಬೇಟ್ (ತಗಡಿನ ಎಲೆ ಗಿರಗಿರ ತಿರುಗುವ ಲೂರ್), ಒಂದು ಪೊಳ್ಳು ಕಪ್ಪೆ. ಹುಳು ನಿಧಾನಕ್ಕೆ, ಸ್ಪಿನ್ನರ್‌ಬೇಟ್ ಗಾಳಿ ಮತ್ತು ಕೆಂಪು ನೀರಿಗೆ, ಕಪ್ಪೆ ಎಲೆ ಹಾಸಿದ ಮೇಲ್ಮೈಗೆ. ಮೂರಕ್ಕೂ ಮೂರುಮುಳ್ಳಿನ ಕೊಕ್ಕೆಯಿಲ್ಲ, ಅದು ಬೇಕೆಂದೇ. ತೊಡೆಯ ಮೇಲೆ ಒದ್ದಾಡುವ ಮೀನಿನ ಬಾಯಲ್ಲಿ ಎರಡು ಮೂರುಮುಳ್ಳಿನ ಕೊಕ್ಕೆ ಇದ್ದರೆ ಒಂದು ಮೀನಿಗೆ, ಇನ್ನೊಂದು ನಿಮಗೆ.

ರಬ್ಬರ್ ಹುಳುವನ್ನು ಟೆಕ್ಸಾಸ್ ರಿಗ್ ಆಗಿ ಕಟ್ಟುವ ಬಗೆ:

1. 3/16 ಔನ್ಸಿನ, ಬಂದೂಕಿನ ಗುಂಡಿನಾಕಾರದ ತೂಕವನ್ನು ದಾರಕ್ಕೆ ಪೋಣಿಸಿ. ಚೂಪು ತುದಿ ರಾಡ್ ಕಡೆಗೆ.
2. 3/0 ಗಾತ್ರದ ಅಗಲಬಾಗಿನ ಕೊಕ್ಕೆಯನ್ನು ಪಾಲೊಮಾರ್ ಗಂಟಿನಿಂದ ಕಟ್ಟಿ. ದಾರ ಮಡಚಿ ಕಣ್ಣಿನಲ್ಲಿ ತೂರಿಸಿ, ಸಡಿಲ ಗಂಟು ಹಾಕಿ, ಕುಣಿಕೆಯನ್ನು ಕೊಕ್ಕೆಯ ಮೇಲಿಂದ ದಾಟಿಸಿ, ಉಗುಳಿನಿಂದ ಒದ್ದೆ ಮಾಡಿ ಬಿಗಿಯಿರಿ. ಒಣ ಗಂಟು ಬಿಗಿಯುವಾಗ ಕಾದು ದಾರ ಸೋಲುತ್ತದೆ.
3. ಕೊಕ್ಕೆಯನ್ನು ಹುಳುವಿನ ತಲೆಗೆ ಕಾಲಿಂಚು ಚುಚ್ಚಿ ಪಕ್ಕದಿಂದ ಹೊರತೆಗೆದು, ತಲೆ ಕಣ್ಣಿನ ಬಳಿ ಬರುವವರೆಗೆ ಎಳೆಯಿರಿ.
4. ಕೊಕ್ಕೆ ತಿರುಗಿಸಿ, ಹುಳು ನೇರ ನೇತಾಡುವಾಗ ಬಾಗು ಎಲ್ಲಿಗೆ ಬರುತ್ತದೋ ಅಲ್ಲೇ ಚುಚ್ಚಿ ಆಚೆ ತೆಗೆಯಿರಿ. ತುದಿಯನ್ನು ಮೇಲ್ಚರ್ಮದಲ್ಲಿ ಚೂರೇ ಚೂರು ಅಡಗಿಸಿ.

ಹುಳು ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ಬಿಚ್ಚಿ ಮತ್ತೆ ಚುಚ್ಚಿ.

ಹಂತ 8: ಎಲ್ಲಿ ಎಸೆಯುವುದು

ನೀರು 60ರಿಂದ 75 ಡಿಗ್ರಿಯ ನಡುವೆ ಇರುವಾಗ ಬಾಸ್ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಕೋವ್‌ಗಳ ತಿಳಿನೀರು, ಜೊಂಡಿನ ಅಂಚು, ಬಿದ್ದ ಮರ. ಬೇಸಿಗೆಯಲ್ಲಿ ಸೂರ್ಯ ಏರುವವರೆಗೆ ದಡದಲ್ಲಿ, ಆಮೇಲೆ ಆಳದಲ್ಲಿ ಇಲ್ಲವೇ ಡಾಕ್‌ಗಳ (ದೋಣಿ ಕಟ್ಟುವ ಅಟ್ಟಣೆ) ನೆರಳಿನಲ್ಲಿ. ಜುಲೈ ಆಗಸ್ಟಿನಲ್ಲಿ ಹತ್ತು ಗಂಟೆಗೇ ಎದ್ದು ಬರುವುದು ಮೀನಿಗಲ್ಲ, ನಿಮ್ಮ ತಲೆಗೆ ಒಳ್ಳೆಯದು.

ಗುರಿಯಿಂದ ಮೂವತ್ತು ನಲವತ್ತು ಅಡಿ ದೂರದಲ್ಲೇ ದೋಣಿ ನಿಲ್ಲಿಸಿ. ಹುಟ್ಟನ್ನು ದೋಣಿಗೆ ಬಡಿಯದಂತೆ ಇಡಿ. ಮರವೊಂದಿದ್ದರೆ ಮೊದಲು ಹೊರತುದಿ, ಆಮೇಲೆ ನಡು, ಕೊನೆಗೆ ಬುಡ. ಮೊದಲೇ ಬುಡಕ್ಕೆ ಎಸೆದರೆ ಸಿಕ್ಕ ಮೀನು ಉಳಿದವನ್ನೆಲ್ಲ ಓಡಿಸುತ್ತದೆ.

ಹಂತ 9: ಕಚ್ಚಿದ ಮೇಲೆ

ಟಕ್ ಎಂದ ತಕ್ಷಣ ಎಳೆಯಬೇಡಿ. ಸಡಿಲ ದಾರವನ್ನು ಸುತ್ತಿಕೊಂಡು, ಭಾರ ತಿಳಿದ ಮೇಲೆ ರಾಡನ್ನು ಮೂತಿಯ ದಿಕ್ಕಿಗೆ ಓರೆಯಾಗಿ ಮೇಲಕ್ಕೆ ಎಳೆಯಿರಿ. ಪಕ್ಕಕ್ಕೆ ಜೋರಾಗಿ ಬೀಸಿದರೆ ದೋಣಿಯೇ ತಿರುಗುತ್ತದೆ. ಮೀನು ದೋಣಿಯಡಿ ನುಗ್ಗಿದರೆ ರಾಡಿನ ತುದಿಯನ್ನು ನೀರಿನೊಳಕ್ಕೆ ಇಳಿಸಿ ಮೂತಿಯನ್ನು ಸುತ್ತಿಸಿ ಆಚೆ ತನ್ನಿ. ಅಂಚಿನ ಮೇಲೆ ಬಾಗಿಸಿದರೆ ರಾಡ್ ಮುರಿಯುತ್ತದೆ.

ಮೀನು ಹತ್ತಿರ ಬಂದಾಗ ಒಂದೇ ನಿಯಮ: ನಿಮ್ಮ ಮೂಗು ದೋಣಿಯ ಅಂಚನ್ನು ದಾಟಬಾರದು. ದೇಹ ತಲೆಯ ಹಿಂದೆಯೇ ಹೋಗುತ್ತದೆ. ರಾಡ್ ಹಿಡಿದ ಕೈಯನ್ನು ಹಿಂದಕ್ಕೆ ಚಾಚಿ, ಇನ್ನೊಂದು ಕೈಯಲ್ಲಿ ರಬ್ಬರ್ ಕೈಬಲೆ ಹಿಡಿದು ಮೀನನ್ನು ಬಲೆಯ ಮೇಲಕ್ಕೆ ತನ್ನಿ. ಹಿಂದಿನ ಡಬ್ಬಿಗೆ ತಿರುಗಿ ಕೈ ಚಾಚುವುದೂ ಇಷ್ಟೇ ಅಪಾಯ. ನಾನು ಕಂಡ ಮಗುಚುವಿಕೆಗಳಲ್ಲಿ ಹೆಚ್ಚಿನವು ಆಗಿದ್ದು ಮೀನಿನಿಂದಲ್ಲ, ಇಕ್ಕಳ ಹುಡುಕಲು ಹೋಗಿ. ಇಕ್ಕಳ, ತಂತಿ ಕತ್ತರಿ, ಅಳತೆಯ ಹಲಗೆ ಮೂರೂ ಮೊಣಕಾಲಿನ ಮುಂದೆ ಇರಲಿ.

ಕೈ ಒದ್ದೆ ಮಾಡಿಕೊಂಡು ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿಯಿರಿ. ದೊಡ್ಡದಾದರೆ ಇನ್ನೊಂದು ಕೈ ಹೊಟ್ಟೆಯಡಿ ಕೊಡಿ, ಬರೀ ದವಡೆಯಿಂದ ಅಡ್ಡಕ್ಕೆ ನೇತುಹಾಕಿದರೆ ದವಡೆಗೆ ಪೆಟ್ಟಾಗುತ್ತದೆ. ಫೋಟೊ ಬೇಕಾದರೆ ಫೋನ್ ಸಿದ್ಧವಾಗುವವರೆಗೆ ಮೀನು ಬಲೆಯಲ್ಲಿ, ನೀರಿನಲ್ಲೇ ಇರಲಿ. ಸಾರು ಮಾಡಲು ಒಯ್ಯುವವರು ನಿಯಮ ಒಪ್ಪುವ ಚಿಕ್ಕವನ್ನು ಒಯ್ಯಿರಿ. ದೊಡ್ಡ, ಹಳೆಯ ಬಾಸ್‌ನಲ್ಲಿ ಪಾದರಸ ಹೆಚ್ಚಿರುತ್ತದೆ.

ಕೊಕ್ಕೆ ನಿಮಗೇ ಚುಚ್ಚಿದರೆ ಮೊದಲು ದಾರ ಕತ್ತರಿಸಿ, ಮೀನು ಎಳೆಯುವುದು ನಿಲ್ಲಲಿ. ಮುಳ್ಳು ಒಳಗೆ ಇಳಿದಿದ್ದರೆ, ಅದರಲ್ಲೂ ಕಣ್ಣು ಅಥವಾ ಗೆಣ್ಣಿನ ಬಳಿ, ಕೀಳಲು ಹೋಗದೆ ಡಾಕ್ಟರ ಬಳಿ ಹೋಗಿ.

ಹಂತ 10: ದಡಕ್ಕೆ ಬಂದ ಮೇಲೆ

ಕೆರೆ ಬಿಡುವ ಮುಂಚೆ ದೋಣಿಯ ನೀರನ್ನೆಲ್ಲ ಬಸಿಯಬೇಕು. ಟೆಕ್ಸಾಸ್‌ನಲ್ಲಿ ಇದು ಕಾನೂನು, ಮೋಟಾರ್ ಇಲ್ಲದ ದೋಣಿಗೂ ಅನ್ವಯ. ರೇ ರಾಬರ್ಟ್ಸ್, ಲೂಯಿಸ್‌ವಿಲ್‌ನಂಥ ಕೆರೆಗಳಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪಿನ ಹುಳು ಸೇರಿಕೊಂಡಿದೆ, ಅದರ ಮರಿ ಕಣ್ಣಿಗೆ ಕಾಣದು, ಒಂದು ಲೋಟ ನೀರಿನಲ್ಲಿ ಇನ್ನೊಂದು ಕೆರೆಗೆ ಹೋಗುತ್ತದೆ. ತಳದ ಬಿರಡೆ ತೆಗೆದು ದೋಣಿಯನ್ನು ಓರೆಯಾಗಿಸಿ, ಹತ್ತಿದ ಕಳೆ ಕಿತ್ತು, ಬಿಸಿಲಿಗೆ ಒಣಗಿಸಿ.

ಕಾರಿಗೆ ಕಟ್ಟುವಾಗ ನಡುವೆ ಎರಡು ಪಟ್ಟಿ, ಮೂತಿ ಮತ್ತು ಬಾಲಕ್ಕೆ ಒಂದೊಂದು ಹಗ್ಗ. ಪಟ್ಟಿಯನ್ನು ಒಂದು ಸುತ್ತು ತಿರುಚಿದರೆ ಹೆದ್ದಾರಿಯಲ್ಲಿ ಗುಂಯ್‌ಗುಡುವುದಿಲ್ಲ. ಪಿಕಪ್ ಟ್ರಕ್ಕಿನ ಹಿಂದೆ ನಾಲ್ಕಡಿಗಿಂತ ಹೆಚ್ಚು ಚಾಚಿಕೊಂಡಿದ್ದರೆ ಕೆಂಪು ಬಾವುಟ ಕಟ್ಟಲೇಬೇಕು. ಮನೆ ಮುಟ್ಟಿದ ಕೂಡಲೇ ಪಟ್ಟಿ ಸಡಿಲಿಸಿ. ಬಿಗಿದ ಪಟ್ಟಿಯ ಜೊತೆ ಬಿಸಿಲಿನಲ್ಲಿ ಒಂದು ದಿನ ನಿಂತರೆ ಪ್ಲಾಸ್ಟಿಕ್ ಮೆತ್ತಗಾಗಿ ತಳ ಗುಳಿ ಬೀಳುತ್ತದೆ. ಗುಳಿ ಬಿದ್ದಿದ್ದರೆ ದೋಣಿಯನ್ನು ಬೋರಲಾಗಿ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಬಿಡಿ, ಹೆಚ್ಚಿನ ಸಲ ತಾನೇ ಮೇಲೆದ್ದು ಸರಿಹೋಗುತ್ತದೆ.